ಭೂಮಾಪಕ ಮೆಕೆಂಜಿ: ನಕಾಶೆಯ ದೂರ ಮತ್ತು ಕೈಫಿಯತ್ತಿನ ದೂರ

ಕೈಫಿಯತ್ತುಗಳ ಸಂಗ್ರಾಹಕನೆಂದು ಕನ್ನಡ ಸಂಶೋಧನೆಯಲ್ಲಿ ಪರಿಚಿತನಾದ ಕರ್ನಲ್ ಕಾಲಿನ್ ಮೆಕೆಂಜಿ ವೃತ್ತಿಯಿಂದ ಭೂಮಾಪಕ. ನಮ್ಮ ಬರಹಗಳಲ್ಲಿ ಈ ಸಂಗತಿ ಬಹುಮಟ್ಟಿಗೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಕೈಫಿಯತ್ತುಗಳು ಹುಟ್ಟಿದ್ದು ಅಳತೆಯ ಕಾರ್ಯದ ಮಗ್ಗುಲಲ್ಲಿ. ಅವುಗಳಲ್ಲಿನ ದೂರಗಳನ್ನು ನಿರ್ಣಯಿಸುವಾಗ ಇದನ್ನು ಮರೆಯಲಾಗದು.

ಮೆಕೆಂಜಿ ೧೭೫೪ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಜನಿಸಿದನು. ಲಾಗರಿದಮ್ ಗಣಿತದ ಜನಕ ನೇಪಿಯರನ ಜೀವನಚರಿತ್ರೆಗಾಗಿ ಹಿಂದೂ ಗಣಿತದ ಮಾಹಿತಿಯನ್ನು ಕಲೆಹಾಕುವ ಆಸಕ್ತಿಯೂ ಆತನಿಗಿದ್ದಿತು. ೧೭೮೩ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯದಲ್ಲಿ ಇಂಜಿನಿಯರನಾದನು. ನಿಜಾಮನ ಸೀಮೆಯಲ್ಲಿ ಅಳತೆ ನಡೆಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಮೈಸೂರು ಸರ್ವೇಕ್ಷಣೆಯ ಹೊಣೆ ಆತನದಾಯಿತು. ಸುಮಾರು ೪೦,೦೦೦ ಚದರ ಮೈಲಿಗಳ ಈ ಕಾರ್ಯ ದಶಕದ ಹತ್ತಿರ ನಡೆಯಿತು.

ನೆಲದ ಮೇಲೆ ಒಂದು ಆಧಾರರೇಖೆಯನ್ನು ಅಳೆದು, ಬೆಟ್ಟದ ತುದಿಗಳಿಂದ ಕೋನಗಳನ್ನು ಹಿಡಿದು, ತ್ರಿಕೋನಗಳ ಬಾಹುಗಳನ್ನು ಲೆಕ್ಕದಿಂದ ಪಡೆಯುವುದು ಅಂದಿನ ಪದ್ಧತಿ. ಇದರ ಮಹತ್ವ ಸಮಕಾಲೀನನಾದ ಲ್ಯಾಂಬ್ಟನ್ನನ ಕಾರ್ಯದಿಂದ ಸ್ಪಷ್ಟವಾಗುತ್ತದೆ. ಪರ್ಯಾಯದ್ವೀಪದ ಅಗಲ ೪೦೦ ಮೈಲಿಯೆಂಬ ನಂಬಿಕೆಯಿತ್ತು. ಆತನ ತ್ರಿಕೋನಗಳು ಅದನ್ನು ೩೬೦ಕ್ಕೆ ಇಳಿಸಿದವು. ಹಿಂದಿನ ನಕಾಶೆಗಳ ಮೇಲೆ ಕೈವಾರವಿಟ್ಟು ಎಷ್ಟೇ ಎಚ್ಚರದಿಂದ ಅಳೆದಿದ್ದರೂ ಆ ೪೦ ಮೈಲಿಗಳ ದೋಷ ಕಾಣುತ್ತಿರಲಿಲ್ಲ.

ನಕಾಶೆ ಸರಿಯಾಗಿದ್ದರೂ ಮಾನವನ್ನು ಪರಿವರ್ತಿಸುವಲ್ಲಿ ನಾವೇ ಎಡವಬಹುದು. ಅಂಗುಲಕ್ಕೆ ನಾಲ್ಕು ಮೈಲಿ ಎಂಬ ಮಾನವನ್ನು ನೋಡಬಹುದು. ಒಂದು ಮೈಲಿಗೆ ೬೩,೩೬೦ ಅಂಗುಲಗಳಾದ್ದರಿಂದ ಇದು ೧:೨,೫೩,೪೪೦ ಪ್ರಮಾಣ. ಎಂದರೆ ಒಂದು ಸೆಂಟಿಮೀಟರಿಗೆ ಸುಮಾರು ೨.೫ ಕಿಲೋಮೀಟರು. ಇಂಥ ನಕಾಶೆಯಲ್ಲಿ ಮೂರೂವರೆ ಅಂಗುಲ ದೂರದ ಎರಡು ಊರುಗಳ ನಡುವೆ ೧೪ ಮೈಲಿ, ಅರ್ಥಾತ್ ಇಪ್ಪತ್ತೆರಡೂವರೆ ಕಿಲೋಮೀಟರು. ಅದೇ ನಕಾಶೆಯನ್ನು ಉದ್ದಗಲಗಳಲ್ಲಿ ಅರ್ಧಕ್ಕೆ ಕುಗ್ಗಿಸಿ ಗ್ರಂಥದಲ್ಲಿ ಮುದ್ರಿಸಿದರೆ ಮೂರೂವರೆ ಅಂಗುಲಕ್ಕೆ ೨೮ ಮೈಲಿಯಾಗುತ್ತದೆ, ಆದರೆ ಅಕ್ಷರದಲ್ಲಿ ಬರೆದ ಮಾನ ಹಾಗೆಯೇ ಉಳಿದು ಓದುಗನನ್ನು ವಂಚಿಸುತ್ತದೆ. ಗೆರೆಯಾಗಿ ಎಳೆದ ಮಾನಪಟ್ಟಿ ಮಾತ್ರ ನಕಾಶೆಯೊಡನೆ ತಾನೂ ಕುಗ್ಗುವುದರಿಂದ ನಂಬಿಕೆಗೆ ಅರ್ಹ. ವಿಸ್ತೀರ್ಣದ ಲೆಕ್ಕದಲ್ಲಿ ಈ ತಪ್ಪು ಎರಡರಷ್ಟಲ್ಲ, ನಾಲ್ಕರಷ್ಟು.

ಇನ್ನು ಸ್ಥಳೀಯ ಅಳತೆಯ ಮಾತು. ಹರದಾರಿಯನ್ನು ರೂಢಿಯಲ್ಲಿ ಸುಮಾರು ಮೂರು ಮೈಲಿಯೆಂದು ಎಣಿಸುತ್ತಾರೆ. ಆದರೆ ಅದು ನಡೆದವನ ಅಳತೆ. ಹಳ್ಳವನ್ನು ಬಳಸಿ, ಕಣಿವೆಯನ್ನು ಹಿಡಿದು ಸಾಗುವ ದಾರಿಯ ಅಳತೆ. ಮೇಲಿನ ಎರಡು ಊರುಗಳನ್ನೇ ಒಬ್ಬ ಶಾನುಭೋಗನು ಐದು ಹರದಾರಿ ಎಂದಿದ್ದರೆ, ಅದು ನಕಾಶೆಯ ೧೪ ಮೈಲಿಗೆ ವಿರುದ್ಧವಲ್ಲ. ನಕಾಶೆ ನೇರರೇಖೆಯನ್ನು ಹೇಳುತ್ತದೆ, ಶಾನುಭೋಗ ಕಾಲುದಾರಿಯನ್ನು. ಇವೆರಡನ್ನು ಬೆರೆಸಿ ಕೈಫಿಯತ್ತಿನ ಊರನ್ನು ಗುರುತಿಸಹೊರಟರೆ ಬೇರೊಂದು ಊರಿಗೆ ತಲುಪುವ ಸಂಭವವೇ ಹೆಚ್ಚು.

ಅಳತೆಯ ಈ ತಿರುಗಾಟದಲ್ಲಿಯೇ ಕಾವಲಿ ವೆಂಕಟ ಬೊರಯ್ಯ, ೧೮೦೩ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು ಬರಹ, ಶಾಸನಗಳನ್ನು ಕೂಡಿಸಿದರು. ಸಂಗ್ರಹದ ಕೀರ್ತಿಯಲ್ಲಿ ಇವರ ಪಾಲು ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಮೆಕೆಂಜಿ ೧೮೧೧ರಲ್ಲಿ ಜಾವಾಕ್ಕೆ ಹೋಗಿಬಂದು, ೧೮೧೫ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದನು. ೧೮೧೬ರಲ್ಲಿ ಥಾಮಸ್ ಹಿಕಿ ರಚಿಸಿದ ವರ್ಣಚಿತ್ರದಲ್ಲಿ ಸಹಾಯಕರ ನಡುವೆ ಆತನಿದ್ದಾನೆ. ಒಬ್ಬನ ಕೈಯಲ್ಲಿ ದೂರದರ್ಶಕ, ಹಿನ್ನೆಲೆಯಲ್ಲಿ ಗೊಮ್ಮಟ. ೧೮೨೧ರ ಮೇ ೮ರಂದು ಕಲ್ಕತ್ತೆಯ ಸಮೀಪದಲ್ಲಿ ಮರಣಹೊಂದಿದನು. ಸಂಗ್ರಹವನ್ನು ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡಿತು. ೧೮೨೮ರಲ್ಲಿ ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು. ಮುಂದೆ ಸಂಗ್ರಹ ಹರಿದು ಹಂಚಿಹೋಗಿ, ಕನ್ನಡದ ಕೈಫಿಯತ್ತುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದವು. ನಕಾಶೆಗಳನ್ನು ಕಾಣಬೇಕಾದವರು ಲಂಡನ್ನಿನ ಕಡೆಗೆ ನೋಡಬೇಕಾಯಿತು.