ಅರ್ಧ ಸಂಬಳಕ್ಕೆ ದುಡಿದ ವಿಜ್ಞಾನಿ

ಕೈಯಲ್ಲಿ ಡಾಕ್ಟರೇಟ್ ಇದೆ, ಕೆಲಸ ಮಾತ್ರ ಇಲ್ಲ. ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಈ ಸಂಕಟವನ್ನು 90 ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಒಬ್ಬ ಯುವಕ ಅನುಭವಿಸಿದ್ದರು. ಅವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಒಂದು ಸಂಘದ ಸದಸ್ಯತ್ವ ಬೇಡ ಎಂದದ್ದೇ ಅವರ ತಪ್ಪಾಗಿತ್ತು. ಮುಂದೆ ಪರಮಾಣು ವಿದಳನದ ಪ್ರಯೋಗದಲ್ಲಿ ಪಾಲ್ಗೊಂಡ ಆ ರಸಾಯನ ವಿಜ್ಞಾನಿಯ ಹೆಸರು ಫ್ರಿಟ್ಜ್ ಸ್ಟ್ರಾಸ್‌ಮನ್.

1902ರ ಫೆಬ್ರುವರಿ 22ರಂದು ಜರ್ಮನಿಯ ಬೋಪಾರ್ಡ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಅವರು ಒಂಬತ್ತು ಮಕ್ಕಳಲ್ಲಿ ಕೊನೆಯವರು. ಮನೆಯಲ್ಲಿ ಸಿರಿತನ ಇರಲಿಲ್ಲ. ಹ್ಯಾನೋವರ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿ, ಇತರ ವಿದ್ಯಾರ್ಥಿಗಳಿಗೆ ಮನೆಪಾಠ ಹೇಳಿ ಓದಿನ ಖರ್ಚು ತೂಗಿಸಿಕೊಂಡರು. 1929ರಲ್ಲಿ ಡಾಕ್ಟರೇಟ್ ಮುಗಿಸಿ, ವಿದ್ಯಾರ್ಥಿವೇತನದ ಆಧಾರದಲ್ಲಿ ಬರ್ಲಿನ್ನಿನ ಕೈಸರ್ ವಿಲ್‌ಹೆಲ್ಮ್ ರಸಾಯನ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿದ್ದವರು ಓಟೊ ಹಾನ್ ಮತ್ತು ಲೀಸ ಮೈಟ್ನರ್. ವಿದ್ಯಾರ್ಥಿವೇತನ ನಿಂತ ಮೇಲೂ ಸ್ಟ್ರಾಸ್‌ಮನ್ ಸಂಬಳವಿಲ್ಲದೆಯೇ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ರಸಾಯನ ವಿಜ್ಞಾನಿಗಳ ಸಂಘ ನಾಜಿಗಳ ಹಿಡಿತಕ್ಕೆ ಸಿಕ್ಕಿತು. ಸ್ಟ್ರಾಸ್‌ಮನ್ ರಾಜೀನಾಮೆ ಕೊಟ್ಟು ಹೊರಬಂದರು. ಅದರ ಬೆಲೆ ದೊಡ್ಡದೇ ಆಗಿತ್ತು. ಕಾರ್ಖಾನೆಗಳ ಬಾಗಿಲು ಮುಚ್ಚಿತು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಅರ್ಹತೆಯ ದಾರಿಯೂ ಮುಚ್ಚಿತು. ಸುಮ್ಮನೆ ಸದಸ್ಯರಾಗಿ ಉಳಿದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಮನಸ್ಸಿಗೆ ಒಪ್ಪದ್ದನ್ನು ಒಪ್ಪಲು ಅವರು ಸಿದ್ಧರಿರಲಿಲ್ಲ. 1935ರಲ್ಲಿ ಮೈಟ್ನರ್ ಒತ್ತಾಯಿಸಿದ್ದರಿಂದ ಹಾನ್ ಅವರಿಗೆ ಸಹಾಯಕ ಹುದ್ದೆಯೊಂದನ್ನು ಹೊಂದಿಸಿದರು. ಸಂಬಳ ಅರ್ಧ.

ಆ ಅರ್ಧ ಸಂಬಳದ ಕೆಲಸವೇ ಅವರನ್ನು ಇತಿಹಾಸದ ಹೊಸ್ತಿಲಿಗೆ ತಂದಿತು. ಯುರೇನಿಯಂ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದರೆ ಏನಾಗುತ್ತದೆ ಎಂದು ಮೂವರೂ ಸೇರಿ ಹುಡುಕುತ್ತಿದ್ದರು. 1938ರ ಜುಲೈನಲ್ಲಿ ಯಹೂದಿ ಮೂಲದ ಮೈಟ್ನರ್ ದೇಶ ಬಿಟ್ಟು ಪಾರಾಗಬೇಕಾಯಿತು. ಉಳಿದ ಇಬ್ಬರು ಕೆಲಸ ನಿಲ್ಲಿಸಲಿಲ್ಲ, ಪತ್ರಗಳ ಮೂಲಕ ಅವರೊಂದಿಗೆ ಚರ್ಚಿಸುತ್ತಲೇ ಇದ್ದರು.

ಯುರೇನಿಯಂನಿಂದ ರೇಡಿಯಂ ಹುಟ್ಟುತ್ತಿದೆ ಎಂದು ಅವರು ಮೊದಲು ಭಾವಿಸಿದ್ದರು. ಹುಟ್ಟುತ್ತಿದ್ದ ವಸ್ತು ತೂಗಲೂ ಆಗದಷ್ಟು ಅತ್ಯಲ್ಪ. ಆದ್ದರಿಂದ ರೇಡಿಯಂನಂತೆಯೇ ವರ್ತಿಸುವ ಬೇರಿಯಂ ಸೇರಿಸಿ ಅದನ್ನು ಹೊರಗೆಳೆದು, ಆಮೇಲೆ ಎರಡನ್ನೂ ಬೇರೆ ಮಾಡುವುದು ಕ್ರಮ. ಇಂಥ ಸೂಕ್ಷ್ಮ ವಿಶ್ಲೇಷಣೆಯಲ್ಲಿ ಸ್ಟ್ರಾಸ್‌ಮನ್ ನಿಪುಣರು. ಆದರೆ ಎಷ್ಟು ಬಾರಿ ಹರಳುಗಟ್ಟಿಸಿದರೂ ಆ ವಸ್ತು ಬೇರಿಯಂನಿಂದ ಬೇರೆಯಾಗಲಿಲ್ಲ. ಅಂದರೆ ಅದು ರೇಡಿಯಂ ಅಲ್ಲವೇ ಅಲ್ಲ, ಬೇರಿಯಂ! ಪರಮಾಣು ಸಂಖ್ಯೆ 92ರ ಯುರೇನಿಯಂನಿಂದ 56ರ ಬೇರಿಯಂ ಬರಬೇಕಾದರೆ ಪರಮಾಣು ಬೀಜವೇ ಒಡೆದಿರಬೇಕು. ಅಂದಿನ ಭೌತವಿಜ್ಞಾನ ಅದನ್ನು ನಂಬಲು ತಯಾರಿರಲಿಲ್ಲ. ಇಬ್ಬರೂ ತಮ್ಮ ಫಲಿತಾಂಶವನ್ನು 1939ರ ಜನವರಿಯಲ್ಲಿ ಪ್ರಕಟಿಸಿದರು. ಮೈಟ್ನರ್ ಮತ್ತು ಅವರ ಸೋದರಳಿಯ ಓಟೊ ಫ್ರಿಶ್ ಅದಕ್ಕೆ ವಿವರಣೆ ಕೊಟ್ಟರು. ಪರಮಾಣು ವಿದಳನ ಜಗತ್ತಿಗೆ ತಿಳಿದದ್ದು ಹೀಗೆ.

ಬಳಿಕ ಯುದ್ಧ ಬಂತು. 1943ರಲ್ಲಿ ಸ್ಟ್ರಾಸ್‌ಮನ್ ಮತ್ತು ಅವರ ಪತ್ನಿ ಮರಿಯಾ ಒಬ್ಬ ಯಹೂದಿ ಸಂಗೀತಗಾರ್ತಿಯನ್ನು ತಮ್ಮ ಬರ್ಲಿನ್ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದರು. ಮನೆಯಲ್ಲಿ ಪುಟ್ಟ ಮಗನಿದ್ದ. ವಿಷಯ ಹೊರಬಿದ್ದಿದ್ದರೆ ಮೂವರ ಪ್ರಾಣಕ್ಕೂ ಸಂಚಕಾರ. ಹತ್ತು ವರ್ಷಗಳ ಹಿಂದೆ ಪಣಕ್ಕಿಟ್ಟದ್ದು ನೌಕರಿಯನ್ನು, ಈಗ ಇಡೀ ಸಂಸಾರವನ್ನು.

1944ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ವಿದಳನದ ಶೋಧಕ್ಕಾಗಿ ಹಾನ್ ಒಬ್ಬರಿಗೇ ಸಂದಿತು. ಪ್ರಯೋಗದ ಸಲಕರಣೆಗಳು ಮ್ಯೂನಿಕ್‌ನ ವಸ್ತುಸಂಗ್ರಹಾಲಯ ಸೇರಿದಾಗಲೂ ಬಹುಕಾಲ ಅದನ್ನು ಹಾನ್ ಅವರ ಮೇಜು ಎಂದೇ ಕರೆಯಲಾಗುತ್ತಿತ್ತು. ಸ್ಟ್ರಾಸ್‌ಮನ್ ಅಷ್ಟರಲ್ಲಿ ತಮ್ಮ ಕೆಲಸದಲ್ಲಿ ಮುಳುಗಿದ್ದರು. 1946ರಲ್ಲಿ ಮೈನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಯುದ್ಧದಿಂದ ಜರ್ಜರಿತವಾದ ನಾಡಿನಲ್ಲಿ ಪರಮಾಣು ರಸಾಯನ ವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದರು. ಅಲ್ಲಿನ ಸಂಶೋಧನಾ ರಿಯಾಕ್ಟರ್ 1965ರಲ್ಲಿ ಚಾಲೂ ಆಯಿತು. 1957ರಲ್ಲಿ ಪಶ್ಚಿಮ ಜರ್ಮನಿಯ ಸೇನೆಗೆ ಅಣ್ವಸ್ತ್ರ ಬೇಡ ಎಂದು 18 ವಿಜ್ಞಾನಿಗಳು ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1966ರಲ್ಲಿ ಅಮೆರಿಕದ ಎನ್ರಿಕೊ ಫರ್ಮಿ ಪ್ರಶಸ್ತಿ ಹಾನ್, ಮೈಟ್ನರ್, ಸ್ಟ್ರಾಸ್‌ಮನ್ ಮೂವರಿಗೂ ಒಟ್ಟಿಗೆ ಬಂತು.

1980ರ ಏಪ್ರಿಲ್ 22ರಂದು ಅವರು ತೀರಿಕೊಂಡರು. ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಕೊಡುವ ಗೌರವ 1985ರಲ್ಲಿ, ಅವರು ಇಲ್ಲವಾದ ಐದು ವರ್ಷಗಳ ಮೇಲೆ ಅವರ ಹೆಸರಿಗೆ ಸಂದಿತು.

ಒಳ್ಳೆಯತನಕ್ಕೆ ಫಲ ಸಿಕ್ಕೇ ಸಿಗುತ್ತದೆ ಎಂದು ಈ ಬದುಕು ಹೇಳುವುದಿಲ್ಲ. ಸ್ಟ್ರಾಸ್‌ಮನ್‌ಗೆ ಸಿಗಬೇಕಾದದ್ದು ಅನೇಕ ಸಲ ಸಿಗಲಿಲ್ಲ, ಸಿಕ್ಕಿದ್ದೂ ತಡವಾಗಿ ಸಿಕ್ಕಿತು. ಕೆಲಸ ಹುಡುಕುವ ನಮಗೆ ಬೇಡ ಎನ್ನುವ ಧೈರ್ಯ ಸುಲಭವಲ್ಲ. ಆದರೆ ಬೇಡ ಎಂದ ಮೇಲೆ ಸಿಕ್ಕ ಅರ್ಧ ಸಂಬಳದ ಕೆಲಸವನ್ನೂ ಅವರು ಪೂರ್ಣ ಮನಸ್ಸಿನಿಂದ ಮಾಡಿದರು ಎಂಬುದನ್ನು ಮರೆಯುವಂತಿಲ್ಲ.