ಸಡಾಕೊ ಸಸಾಕಿ

ಸಡಾಕೊ ಸಸಾಕಿ (7 ಜನವರಿ 1943 – 25 ಅಕ್ಟೋಬರ್ 1955) ಜಪಾನಿನ ಹಿರೋಷಿಮಾ ನಗರದ ಬಾಲಕಿ. ಅಣುಬಾಂಬಿನ ವಿಕಿರಣಕ್ಕೆ ಬಲಿಯಾದ ಮಕ್ಕಳ ಪ್ರತೀಕವಾಗಿ ಈಕೆ ಜಗತ್ಪ್ರಸಿದ್ಧಳು.

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ಸಡಾಕೊಗೆ ಎರಡು ವರ್ಷ ವಯಸ್ಸಾಗಿತ್ತು. ಆಕೆಯ ಮನೆ ಸ್ಫೋಟದ ಕೇಂದ್ರದಿಂದ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿತ್ತು. ಅಂದು ಬದುಕುಳಿದ ಆಕೆ ಮುಂದೆ ಶಾಲೆಯಲ್ಲಿ ಉತ್ತಮ ಓಟಗಾರ್ತಿಯಾದಳು. ಆದರೆ ರಕ್ತದ ಕ್ಯಾನ್ಸರ್ ಪತ್ತೆಯಾಗಿ, 1955ರ ಫೆಬ್ರವರಿಯಲ್ಲಿ ರೆಡ್ ಕ್ರಾಸ್ ಆಸ್ಪತ್ರೆಗೆ ದಾಖಲಾದಳು. ಕಾಗದದಲ್ಲಿ ಸಾವಿರ ಕೊಕ್ಕರೆಗಳನ್ನು ಮಡಿಸಿದವರ ಕೋರಿಕೆ ಈಡೇರುತ್ತದೆ ಎಂಬುದು ಜಪಾನೀಯರ ನಂಬಿಕೆ. ಗುಣಮುಖಳಾಗುವ ಆಸೆಯಿಂದ ಸಡಾಕೊ ಔಷಧಿಯ ಹೊದಿಕೆಯ ಕಾಗದಗಳಲ್ಲಿಯೂ ಕೊಕ್ಕರೆಗಳನ್ನು ಮಡಿಸತೊಡಗಿದಳು.

ಎಲೀನರ್ ಕೋರ್ 1977ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿಯಲ್ಲಿ ಸಡಾಕೊ 644 ಕೊಕ್ಕರೆಗಳನ್ನು ಮಾಡಿ ಮರಣ ಹೊಂದುತ್ತಾಳೆ. ಉಳಿದವನ್ನು ಸಹಪಾಠಿಗಳು ಪೂರ್ಣಗೊಳಿಸುತ್ತಾರೆ. ಈ ಕಥೆಯೇ ಹೆಚ್ಚು ಪ್ರಚಲಿತವಾಗಿದೆ. ಆದರೆ ಹಿರೋಷಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ ಹಾಗೂ ಆಕೆಯ ಕುಟುಂಬದವರ ಪ್ರಕಾರ, ಸಡಾಕೊ ಸಾವಿರವನ್ನು ತಾನೇ ಮುಗಿಸಿ ಮತ್ತೆಯೂ ಮಡಿಸುತ್ತಲೇ ಇದ್ದಳು. ಸಾವಿರ ತುಂಬಿದರೂ ರೋಗ ವಾಸಿಯಾಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆಕೆಯ ಸಹಪಾಠಿಗಳು ಆರಂಭಿಸಿದ ನಿಧಿಸಂಗ್ರಹಕ್ಕೆ ಜಪಾನಿನಾದ್ಯಂತ ಶಾಲೆಗಳು ನೆರವಾದವು. ಇದರ ಫಲವಾಗಿ 1958ರ ಮೇ 5ರಂದು, ಜಪಾನಿನ ಮಕ್ಕಳ ದಿನದಂದು, ಹಿರೋಷಿಮಾ ಶಾಂತಿ ಸ್ಮಾರಕ ಉದ್ಯಾನದಲ್ಲಿ ಮಕ್ಕಳ ಶಾಂತಿ ಸ್ಮಾರಕ ಅನಾವರಣಗೊಂಡಿತು. ಸಡಾಕೊ ಮಡಿಸಿದ ಕೆಲವು ಪುಟ್ಟ ಕೊಕ್ಕರೆಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ.