ಸತೀಶ ಧವನರ ಕಾರ್ಯಭಾರ

ದೊಡ್ಡ ಕಾರ್ಯವೊಂದು ಕೈಗೂಡಿದಾಗ ಜನರು ಯಂತ್ರವನ್ನು ನೋಡಿ ಬೆರಗಾಗುತ್ತಾರೆ. ಆ ಯಂತ್ರವನ್ನು ಮಾಡಿದವರನ್ನು ಒಂದೆಡೆ ಕೂಡಿಸಿದವರಾರು, ಅವರವರ ಮನಸ್ತಾಪಗಳನ್ನು ಸರಿಪಡಿಸಿದವರಾರು, ಬೊಕ್ಕಸದ ಹಣಕ್ಕೆ ಲೆಕ್ಕವೊಪ್ಪಿಸಿದವರಾರು, ಕಾರ್ಯವು ಕೆಟ್ಟ ದಿನ ನಿಂದೆಗೆ ತಲೆಯೊಡ್ಡಿದವರಾರು ಎಂಬ ವಿಚಾರವನ್ನು ಮಾಡುವವರು ವಿರಳ. ಬೆಂಗಳೂರಿನ ಉತ್ತರ ಭಾಗದಲ್ಲಿ, ಯಶವಂತಪುರಕ್ಕೂ ಹೆಬ್ಬಾಳಕ್ಕೂ ನಡುವೆ ನಿತ್ಯವೂ ಸಂಚರಿಸುವ ನಮ್ಮ ವಾಚಕರು ಅಂತರಿಕ್ಷ ಭವನವೆಂಬ ಕಟ್ಟಡವನ್ನು ಕಂಡೇ ಇರುವರು. ಭಾರತದ ಬಾಹ್ಯಾಕಾಶ ಕಾರ್ಯದ ಮುಖ್ಯ ಕಚೇರಿಯು ದೆಹಲಿಯಲ್ಲಾಗಲಿ ಅಹಮದಾಬಾದಿನಲ್ಲಾಗಲಿ ಇರದೆ ನಮ್ಮ ಊರಿನಲ್ಲಿ ನೆಲೆಸಿರುವುದಕ್ಕೆ ಕಾರಣಪುರುಷರು ಪ್ರೊಫೆಸರ್ ಸತೀಶ ಧವನರು. ಅವರ ಚರಿತ್ರೆಯನ್ನು, ವಿಶೇಷವಾಗಿ ಅವರ ಆಡಳಿತದ ಕ್ರಮವನ್ನು, ಈ ದಿನ ವಾಚಕರ ಮುಂದಿಡಬಯಸುತ್ತೇವೆ.

ಧವನರು ಜನಿಸಿದುದು 1920ನೆಯ ಇಸವಿ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ವಿದ್ಯಾಭ್ಯಾಸವು ನಡೆದುದು ಲಾಹೋರಿನ ಪಂಜಾಬ ವಿಶ್ವವಿದ್ಯಾನಿಲಯದಲ್ಲಿ. ಗಣಿತ ಭೌತಶಾಸ್ತ್ರಗಳಲ್ಲಿ ಬಿ. ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ. ಎ., ಅನಂತರ 1945ರಲ್ಲಿ ಯಂತ್ರಶಿಲ್ಪದಲ್ಲಿ ಪದವಿ. ಹೀಗೆ ಒಂದಕ್ಕೊಂದು ನಂಟಿಲ್ಲವೆಂಬಂತೆ ತೋರುವ ಮೂರು ಪದವಿಗಳನ್ನು ಪಡೆದವರು ಆಗಲೂ ಅಪೂರ್ವ, ಈಗಲೂ ಅಪೂರ್ವ. ವಿಜ್ಞಾನಿಯಾದವನು ಸರಕಾರದ ಕಡತದಲ್ಲಿ ತಿಳಿಯಾದ ಟಿಪ್ಪಣಿಯೊಂದನ್ನು ಬರೆಯಬೇಕಾಗಿ ಬಂದಾಗ ಸಾಹಿತ್ಯದ ಪದವಿಯು ಎಷ್ಟು ಒದಗುತ್ತದೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಪದವಿಯಾದೊಡನೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಸುಮಾರು ಒಂದು ವರ್ಷ ಕೆಲಸಮಾಡಿ ಅಮೆರಿಕೆಗೆ ತೆರಳಿದರು. ಮಿನೆಸೋಟಾದಲ್ಲಿ ಒಂದು ಪದವಿಯನ್ನು ಪಡೆದು, ಬಳಿಕ ಕ್ಯಾಲಿಫೋರ್ನಿಯಾ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಎಂಬ ವಿದ್ವಾಂಸರ ಬಳಿ ವಾಯುಪ್ರವಾಹದ ಶಾಸ್ತ್ರವನ್ನು ಅಭ್ಯಸಿಸಿ, 1951ರಲ್ಲಿ ಡಾಕ್ಟರ್ ಪದವಿಯೊಡನೆ ಹಿಂದಿರುಗಿದರು. ಅವರು ಹೊರಟಾಗ ಇದ್ದ ಲಾಹೋರು ಬರುವ ವೇಳೆಗೆ ಪರದೇಶವಾಗಿತ್ತು. ನೆಲೆನಿಂತುದು ಬೆಂಗಳೂರಿನಲ್ಲಿ, ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಅಲ್ಲಿ ಅವರು ಶಬ್ದಕ್ಕಿಂತ ವೇಗವಾದ ಗಾಳಿಯನ್ನು ಹಾಯಿಸಿ ಪರೀಕ್ಷಿಸುವ ಗಾಳಿಸುರಂಗಗಳನ್ನು ಸಂಸ್ಥೆಯಲ್ಲಿಯೇ ನಿರ್ಮಿಸಿದರು. ಅಂತಹ ಸುರಂಗಗಳು ನಮ್ಮ ದೇಶದಲ್ಲಿ ಅವೇ ಮೊದಲಿನವು. ಬೆಂಗಳೂರಿನವರೇ ಆದ ರೊದ್ದಂ ನರಸಿಂಹರು ಅವರ ಶಿಷ್ಯರು. 1955ರಲ್ಲಿ ವಿಭಾಗದ ಮುಖ್ಯಸ್ಥರಾದ ಧವನರು 1962ರಿಂದ 1981ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಅಷ್ಟು ದೀರ್ಘಕಾಲ ಆ ಪೀಠದಲ್ಲಿ ಕುಳಿತವರು ಮತ್ತೊಬ್ಬರಿಲ್ಲ. ಜೀವಿಪರಿಸರ ಶಾಸ್ತ್ರಕ್ಕೂ ಗ್ರಾಮೋಪಯೋಗಿ ತಂತ್ರವಿದ್ಯೆಗೂ ಆ ಆವರಣದಲ್ಲಿ ಎಡೆಯಾದುದು ಅವರ ಕಾಲದಲ್ಲಿ. ಗುಣವಂತರನ್ನು ಹುಡುಕಿ ಕರೆತಂದು, ಕೆಲಸವನ್ನು ಒಪ್ಪಿಸಿದ ಮೇಲೆ ದಿನಕ್ಕೊಮ್ಮೆ ಹೆಗಲ ಮೇಲಿಂದ ಇಣುಕಿ ನೋಡದಿರುವ ಅಭ್ಯಾಸವು ಅವರಿಗೆ ಇಲ್ಲಿಯೇ ಬಲಿಯಿತು.

1971ನೆಯ ಡಿಸೆಂಬರ್ 30ರಂದು ವಿಕ್ರಮ ಸಾರಾಭಾಯಿಯವರು ಕೇರಳದ ಕೋವಳಂನಲ್ಲಿ ಅಕಸ್ಮಾತ್ತಾಗಿ ಕಾಲವಾದರು. ಬಾಹ್ಯಾಕಾಶ ಕಾರ್ಯವು ಆಗ ಅವರ ಉತ್ಸಾಹದ ಮೇಲೆ, ಅವರ ನೆನಪಿನ ಮೇಲೆ, ಅವರ ಸ್ನೇಹದ ಮೇಲೆ ನಡೆಯುತ್ತಿದ್ದ ಕಾರ್ಯ. ಒಬ್ಬ ಮಹಾಪುರುಷನ ಸುತ್ತ ಬೆಳೆದ ಉದ್ಯಮವು ಆತನ ನಿಧನದೊಡನೆ ಚದುರಿಹೋದ ದೃಷ್ಟಾಂತಗಳು ನಮ್ಮ ದೇಶದಲ್ಲಿ ಕಡಮೆಯಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರು ಧವನರಿಗೆ ಕರೆಕಳುಹಿಸಿದಾಗ ಅವರು ರಜೆಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪಾಠಹೇಳುತ್ತಿದ್ದರು. ಅವರು ಓಡೋಡಿ ಬರಲಿಲ್ಲ. ಒಪ್ಪಿಕೊಂಡಿದ್ದ ಕೆಲಸವನ್ನು ಮುಗಿಸಿ ಬರುವುದಾಗಿಯೂ, ಬಂದ ಮೇಲೆ ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ಬಿಡಲಾರೆನೆಂದೂ, ಮುಖ್ಯ ಕಚೇರಿಯು ಬೆಂಗಳೂರಿನಲ್ಲಿಯೇ ಇರತಕ್ಕುದೆಂದೂ ತಿಳಿಸಿದರು. ಪ್ರಧಾನಿಯವರು ಒಪ್ಪಿದರು. ನಡುವಣ ತಿಂಗಳುಗಳಲ್ಲಿ ಎಂ. ಜಿ. ಕೆ. ಮೆನನ್‌ರವರು ಭಾರವನ್ನು ಹೊತ್ತರು. 1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗವೂ ಬಾಹ್ಯಾಕಾಶ ಇಲಾಖೆಯೂ ಸ್ಥಾಪಿತವಾದುವು; ಸೆಪ್ಟೆಂಬರ್‌ನಲ್ಲಿ ಧವನರು ಅಧಿಕಾರವನ್ನು ವಹಿಸಿಕೊಂಡರು.

ಈ ಏರ್ಪಾಟಿನ ಮರ್ಮವನ್ನು ಗಮನಿಸಬೇಕು. ಧೋರಣೆಯನ್ನು ನಿರ್ಧರಿಸುವ ಆಯೋಗಕ್ಕೆ ಅಧ್ಯಕ್ಷರು, ಹಣವನ್ನು ಮಂಜೂರುಮಾಡಿಸುವ ಇಲಾಖೆಗೆ ಕಾರ್ಯದರ್ಶಿ, ಕೆಲಸವನ್ನು ಮಾಡುವ ಸಂಸ್ಥೆಗೆ ಮುಖ್ಯಸ್ಥರು, ಈ ಮೂವರೂ ಒಬ್ಬರೇ. ಸಾಮಾನ್ಯ ಇಲಾಖೆಯಲ್ಲಿ ಒಂದು ಯಂತ್ರಭಾಗವನ್ನು ಕೊಳ್ಳಲು ಕಡತವು ಎಷ್ಟು ಮೇಜುಗಳ ಯಾತ್ರೆಯನ್ನು ಮಾಡುತ್ತದೆಂಬುದನ್ನು ಬಲ್ಲವರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಆದರೆ ಅಧಿಕಾರವು ಹೀಗೆ ಒಂದೇ ಕೈಯಲ್ಲಿ ಸೇರಿದರೆ ಅದನ್ನು ತಡೆಯುವವರಾರು ಎಂಬ ಶಂಕೆಯು ನಮಗೆ ಸಹಜವಾಗಿಯೇ ಬರುತ್ತದೆ. ಕೈ ಒಳ್ಳೆಯದಾಗಿದ್ದರೆ ಕಾರ್ಯ ಬೇಗ ಸಾಗುವುದು. ಇಲ್ಲವಾದರೆ ಅನರ್ಥವೂ ಅಷ್ಟೇ ಬೇಗ ಸಾಗುವುದು. ಧವನರು ತಮ್ಮನ್ನು ತಾವೇ ಕಟ್ಟಿಹಾಕಿಕೊಂಡ ಬಗೆಯು ಇಲ್ಲಿ ಸ್ಮರಣೀಯ. ಯಾವ ಉಪಗ್ರಹವಾಗಲಿ ರಾಕೆಟ್ಟಾಗಲಿ, ಅದರ ವಿನ್ಯಾಸವನ್ನು ತಜ್ಞರ ಮಂಡಲಿಯ ಮುಂದೆ ಒಡ್ಡಿ ತಪ್ಪು ಹುಡುಕಿಸುವ ಕ್ರಮವನ್ನು ಅವರು ಬಲಪಡಿಸಿದರು. ಆ ಸಭೆಗಳಲ್ಲಿ ಕಿರಿಯ ಇಂಜಿನಿಯರನು ಹಿರಿಯನ ಲೆಕ್ಕವನ್ನು ಆಕ್ಷೇಪಿಸಬಹುದಾಗಿತ್ತು. ವಿಫಲತೆ ಒದಗಿದಾಗ ಅಪರಾಧಿಯ ಬೇಟೆಗೆ ಹೊರಡದೆ ಕಾರಣವನ್ನು ಹುಡುಕುವ ಸಮಿತಿಯು ಕೂಡುತ್ತಿತ್ತು.

ಕೆಲಸಗಾರರಾದರೋ ದೇಶದ ನಾಲ್ಕು ಮೂಲೆಗಳಲ್ಲಿ ಹರಡಿದ್ದರು. ತಿರುವನಂತಪುರದ ಬಳಿಯ ತುಂಬಾದಲ್ಲಿ ರಾಕೆಟ್ಟಿನವರು, ಅಹಮದಾಬಾದಿನಲ್ಲಿ ಸಂಪರ್ಕ ವಿದ್ಯೆಯವರು, ಬಂಗಾಳ ಕೊಲ್ಲಿಯ ಅಂಚಿನ ಶ್ರೀಹರಿಕೋಟೆಯಲ್ಲಿ ಉಡಾವಣೆಯವರು. ತಿರುವನಂತಪುರದ ಬಿಡಿಬಿಡಿ ಘಟಕಗಳನ್ನು ಒಂದುಗೂಡಿಸಿ ಸಾರಾಭಾಯಿಯವರ ಹೆಸರಿನ ಕೇಂದ್ರವನ್ನಾಗಿ ಮಾಡಿ, ಲೋಹಶಾಸ್ತ್ರಜ್ಞರಾದ ಬ್ರಹ್ಮಪ್ರಕಾಶರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಅವರು ರಾಕೆಟ್ಟಿನ ಪಂಡಿತರಾಗಿರಲಿಲ್ಲ. ಆದರೆ ಹುರುಪಿನ ತರುಣರ ನಡುವೆ ಹಿರಿಯರೊಬ್ಬರು ಇರಬೇಕಾಗಿತ್ತು. ಉಪಗ್ರಹ ವಾಹನವಾದ ಎಸ್‌ಎಲ್‌ವಿ-3ರ ಯೋಜನೆಯನ್ನು ಎ. ಪಿ. ಜೆ. ಅಬ್ದುಲ್ ಕಲಾಮರಿಗೆ ವಹಿಸಲಾಯಿತು. ಯೋಜನೆಯ ನಾಯಕನ ಕೈಯಲ್ಲಿ ಗಡುವು ಇರುತ್ತದೆ, ಪ್ರಯೋಗಶಾಲೆಗಳ ಮುಖ್ಯಸ್ಥರ ಕೈಯಲ್ಲಿ ಜನರಿರುತ್ತಾರೆ. ಇವರೀರ್ವರ ಜಗ್ಗಾಟದಲ್ಲಿ ಮುರಿದುಬಿದ್ದ ಯೋಜನೆಗಳು ಎಷ್ಟೋ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಬ್ರಹ್ಮಪ್ರಕಾಶರ ಪಾಲಿನ ಕೆಲಸವಾಯಿತು.

ನಮ್ಮ ಊರಿನ ಪಾಲಿಗೆ ಬಂದುದು ಉಪಗ್ರಹ. ರಷ್ಯದ ವಿಜ್ಞಾನ ಅಕಾಡೆಮಿಯೊಡನೆ 1972ರ ಮೇ ತಿಂಗಳಲ್ಲಿ ಒಪ್ಪಂದವಾದ ಬಳಿಕ ಉಡುಪಿಯ ಕಡೆಯವರಾದ ಯು. ಆರ್. ರಾಯರು ತಮ್ಮ ಪಡೆಯೊಡನೆ ಯಶವಂತಪುರದಾಚೆಯ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಬಂದಿಳಿದರು. ಬೋಲ್ಟು ನಟ್ಟುಗಳನ್ನು ತಯಾರಿಸತಕ್ಕ ಬಡಾವಣೆಯಲ್ಲಿ ಗಗನಗಾಮಿಯನ್ನು ತಯಾರಿಸುವುದೆಂದರೆ ಆಗ ನಂಬುವವರು ಯಾರು? ಆ ತರುಣರಲ್ಲಿ ಬಹುಪಾಲಿನವರು ಉಪಗ್ರಹವೊಂದನ್ನು ಕಣ್ಣಾರೆ ಕಂಡವರೇ ಅಲ್ಲ. ಸ್ಥಳವು ಸಾಲದೆ, ಅಂಕಿಅಂಶಗಳನ್ನು ಗ್ರಹಿಸುವ ಕೇಂದ್ರಕ್ಕಾಗಿ ಶೌಚಗೃಹವೊಂದನ್ನು ಮಾರ್ಪಡಿಸಿಕೊಂಡರೆಂದು ರಾಯರೇ ಮುಂದೆ ಹೇಳುತ್ತಿದ್ದರು. ಮೂರು ವರ್ಷ ತುಂಬುವ ಮೊದಲೇ, 1975ನೆಯ ಏಪ್ರಿಲ್ 19ರಂದು, 360 ಕಿಲೋಗ್ರಾಂ ತೂಕದ ಆರ್ಯಭಟವು ರಷ್ಯದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಐದಾರು ದಿನಗಳೊಳಗೆ ವಿದ್ಯುತ್ತಿನ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುವು. ಉಪಗ್ರಹವಾದರೋ ವರ್ಷಗಟ್ಟಲೆ ಸಂಕೇತಗಳನ್ನು ಕಳುಹುತ್ತಲೇ ಇದ್ದಿತು. ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ನೋಡಿದ ನೆನಪು ನಮ್ಮಲ್ಲನೇಕರಿಗೆ ಇರಬಹುದು. ಧವನರ ಕಚೇರಿಗೂ ಪೀಣ್ಯಕ್ಕೂ ದೂರ ಹೆಚ್ಚಿರಲಿಲ್ಲ. ಆದರೂ ಆ ಶೆಡ್ಡುಗಳಲ್ಲಿ ನಾಯಕತ್ವವು ರಾಯರದೇ ಆಗಿತ್ತು.

ಧವನರ ಹೆಸರನ್ನು ಜನರು ಇಂದಿಗೂ ಎತ್ತುವುದು ಮುಂದೆ ಹೇಳುವ ಪ್ರಸಂಗಕ್ಕಾಗಿ. 1979ನೆಯ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಎಸ್‌ಎಲ್‌ವಿ-3 ಮೊದಲ ಬಾರಿಗೆ ಮೇಲೆದ್ದಿತು. ಏಳು ವರ್ಷಗಳ ಶ್ರಮ, ನಾಲ್ಕು ಹಂತಗಳ, 17 ಟನ್ ತೂಕದ ವಾಹನ. ಮೊದಲನೆಯ ಹಂತವು ಸರಿಯಾಗಿ ಉರಿಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ನೈಟ್ರಿಕ್ ಆಮ್ಲವು ಸೋರಿಹೋಗಿದ್ದುದರಿಂದ ವಾಹನವು ಹತೋಟಿ ತಪ್ಪಿ, 317 ಸೆಕೆಂಡುಗಳಲ್ಲಿ ಸಮುದ್ರಪಾಲಾಯಿತು. ಹೊರಗೆ ದೇಶದ ಪತ್ರಕರ್ತರು ನೆರೆದಿದ್ದರು. ಯೋಜನೆಯ ನಾಯಕರು ಕಲಾಮರಾಗಿದ್ದರೂ ಧವನರು ಅವರನ್ನು ಮುಂದೆ ದೂಡಲಿಲ್ಲ. ತಾವೇ ಪತ್ರಕರ್ತರೆದುರು ಕುಳಿತು, ಈ ಸೋಲು ತಮ್ಮ ಸೋಲೆಂದೂ, ತಮ್ಮ ಜನರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದೂ, ವರ್ಷದೊಳಗೆ ಗೆದ್ದು ತೋರುವೆವೆಂದೂ ತಿಳಿಸಿದರು. 1980ನೆಯ ಜುಲೈ 18ರಂದು ಅದೇ ಬಗೆಯ ವಾಹನವು 35 ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಯಲ್ಲಿ ನಿಲ್ಲಿಸಿತು. ಅಂದು ಪತ್ರಕರ್ತರನ್ನು ಎದುರುಗೊಳ್ಳುವಂತೆ ಧವನರು ಕಲಾಮರಿಗೆ ಹೇಳಿದರು. ಸಮುದ್ರಮಥನದಲ್ಲಿ ಹಾಲಾಹಲವನ್ನು ಕುಡಿದವನು ಅಮೃತದ ಪಂಕ್ತಿಯಲ್ಲಿ ಕುಳಿತಿರಲಿಲ್ಲವೆಂಬುದು ವಾಚಕರಿಗೆ ನೆನಪಾದೀತು.

ಪತ್ರಿಕೆಯನ್ನು ನಡೆಸುವ ನಮಗೆ ಈ ಪ್ರಸಂಗವು ಬೇರೊಂದು ಕಾರಣದಿಂದ ಮನಸ್ಸಿಗೆ ನಾಟುತ್ತದೆ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವನ ಕೈತಪ್ಪಿನಿಂದ ಒಬ್ಬರ ಹೆಸರು ಕೆಟ್ಟರೆ ಕ್ಷಮಾಪಣೆಯ ಕೆಳಗೆ ಬೀಳುವುದು ಸಂಪಾದಕನ ಹೆಸರು. ನಾವೂ ಒಮ್ಮೆ, ಸಿಟ್ಟಿನ ಭರದಲ್ಲಿ, ತಪ್ಪು ಇಂಥವನದೆಂದು ಊರೆಲ್ಲ ತಿಳಿಯುವಂತೆ ಮಾಡಿದ್ದುಂಟು. ಆ ಮನುಷ್ಯನು ಅದಾದ ಮೇಲೆ ತಪ್ಪುಗಳನ್ನು ಕಡಮೆಮಾಡಲಿಲ್ಲ, ಮುಚ್ಚಿಡುವುದನ್ನು ಕಲಿತನು. ರಾಕೆಟ್ಟಿನಲ್ಲಿ ಮುಚ್ಚಿಟ್ಟ ತಪ್ಪಿನ ಬೆಲೆಯೆಷ್ಟೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಗೆಲುವಿನ ಬಳಿಕ ಎಲ್ಲವೂ ಸುಗಮವಾಯಿತೆಂದು ಭಾವಿಸತಕ್ಕುದಿಲ್ಲ. 1981ರ ಮೇ ತಿಂಗಳ ಉಡಾವಣೆಯಲ್ಲಿ ಉಪಗ್ರಹವು ತಗ್ಗಿನ ಕಕ್ಷೆಯನ್ನು ಸೇರಿ ಒಂಬತ್ತು ದಿನಗಳಲ್ಲಿ ಅಳಿಯಿತು. ಅದೇ ವರ್ಷ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋದ ಆಪಲ್ ಉಪಗ್ರಹದ ಸೌರಫಲಕಗಳಲ್ಲೊಂದು ಬಿಚ್ಚಿಕೊಳ್ಳಲಿಲ್ಲ. ಲೋಹದ ಗಾಡಿಯು ಆಂಟೆನಾದ ಪರೀಕ್ಷೆಗೆ ಅಡ್ಡಿಯಾಗುವುದೆಂದು ಎತ್ತಿನ ಗಾಡಿಯ ಮೇಲೆ ಇಟ್ಟು ಪರೀಕ್ಷಿಸಿದುದು ಈ ಉಪಗ್ರಹವನ್ನೇ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರ್ ವೇಳೆಗೆ ನಿರುಪಯುಕ್ತವಾಯಿತು. ಮರುವರ್ಷದ 1ಬಿ ಫಲಕೊಟ್ಟಿತು. ಈ ಇನ್ಸಾಟಿನ ಏರ್ಪಾಟಿನಲ್ಲಿ ತಂತ್ರವಿದ್ಯೆಗಿಂತ ಕಷ್ಟತರವಾದುದು ಇಲಾಖೆಗಳ ಸಹವಾಸ. ಅಂಚೆ ತಂತಿ, ಹವಾಮಾನ, ಆಕಾಶವಾಣಿ, ದೂರದರ್ಶನ ಇವೆಲ್ಲವುಗಳಿಗೂ ಒಂದೇ ಉಪಗ್ರಹದಲ್ಲಿ ಪಾಲು. ಒಬ್ಬೊಬ್ಬರ ಅಗತ್ಯವೂ ಬೇರೆ, ಖರ್ಚಿನ ಲೆಕ್ಕವೂ ಬೇರೆ. ಎಲ್ಲರನ್ನೂ ಒಂದು ಸಮನ್ವಯ ಸಮಿತಿಯಲ್ಲಿ ಕೂರಿಸಿ ಒಮ್ಮತಕ್ಕೆ ತಂದುದನ್ನು ನಾವು ರಾಕೆಟ್ಟಿನ ಗೆಲುವಿಗೆ ಕಡಮೆಯಾಗಿ ಎಣಿಸಲಾರೆವು. ಇದಕ್ಕೆ ಪೀಠಿಕೆಯಂತೆ 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ಪ್ರಾಂತ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಪಾಠವನ್ನು ಮುಟ್ಟಿಸಿದ್ದರು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದುವು. ಬಡ ದೇಶಕ್ಕೆ ಆಕಾಶದ ಹಂಬಲವೇಕೆಂದು ಕೇಳಿದವರಿಗೆ ಈ ಹಳ್ಳಿಗಳನ್ನು ತೋರಿಸಬಹುದಾಗಿತ್ತು.

ಆಕ್ಷೇಪಿಸತಕ್ಕ ಅಂಶಗಳೂ ಉಂಟು. ಎರಡು ಮಹಾಸಂಸ್ಥೆಗಳ ಭಾರವನ್ನು ಒಬ್ಬರೇ ಒಂಬತ್ತು ವರ್ಷ ಹೊತ್ತುದು ಇತರರು ಅನುಕರಿಸತಕ್ಕ ಪದ್ಧತಿಯೆಂದು ನಾವು ಹೇಳಲಾರೆವು. ಶ್ರೀಹರಿಕೋಟೆಯ ದ್ವೀಪವು ಯಾನಾದಿಗಳೆಂಬ ಕಾಡುಜನರ ನೆಲೆ. ದೇಶದ ಕಾರ್ಯಕ್ಕಾಗಿ ಅವರು ತೆತ್ತ ಬೆಲೆಯು ಉಡಾವಣೆಯ ಸಂಭ್ರಮದಲ್ಲಿ ನೆನಪಿಗೆ ಬರುವುದು ಕಡಮೆ.

1984ರಲ್ಲಿ ಧವನರು ಅಧ್ಯಕ್ಷತೆಯನ್ನು ಯು. ಆರ್. ರಾಯರಿಗೆ ಒಪ್ಪಿಸಿದರು. ಮುಂದೆ ದೇಶದ ದುಡಿಯುವ ಎತ್ತಾಗಿ ಪರಿಣಮಿಸಿದ ಪಿಎಸ್‌ಎಲ್‌ವಿ ವಾಹನಕ್ಕೆ ಅನುಮತಿಯು ದೊರೆತುದು ಅವರ ಅಧಿಕಾರಾವಧಿಯಲ್ಲಿಯೇ. ಅದು ಗೆದ್ದುದನ್ನು ಅವರು ಅಧ್ಯಕ್ಷರಾಗಿ ನೋಡಲಿಲ್ಲ. ವಿಶ್ರಾಂತಿಯ ವರ್ಷಗಳಲ್ಲಿ ಶ್ರೀಹರಿಕೋಟೆಯ ಮಗ್ಗುಲಿನ ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡುತ್ತ, ಹಕ್ಕಿಯ ಹಾರಾಟವನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಅದು 1991ರಲ್ಲಿ ಪ್ರಕಟವಾಯಿತು. 2002ನೆಯ ಜನವರಿ 3ರಂದು ಬೆಂಗಳೂರಿನಲ್ಲಿ ಕಾಲವಾದರು. ಅದೇ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ತಿರುವನಂತಪುರದ ಕೇಂದ್ರಕ್ಕೆ ಸಾರಾಭಾಯಿಯವರ ಹೆಸರು ಮೊದಲೇ ಇದ್ದಿತು. ಪೀಣ್ಯದ ಶೆಡ್ಡುಗಳಲ್ಲಿ ಹುಟ್ಟಿದ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ರಾಯರ ಹೆಸರು ಬಂದಿತು. ನಮ್ಮ ನ್ಯೂ ಬಿಇಎಲ್ ರಸ್ತೆಯ ಮುಖ್ಯ ಕಚೇರಿಯು ಮಾತ್ರ ಯಾರ ಹೆಸರನ್ನೂ ಹೊರದೆ ಅಂತರಿಕ್ಷ ಭವನವೆಂದೇ ಕರೆಯಿಸಿಕೊಳ್ಳುತ್ತಿದೆ.